ರೂಪಣಾತ್ಮಕ ಮೌಲ್ಯಮಾಪನ

ಕಲಿಕೆ ನಡೆಯುತ್ತಿರುವಾಗಲೇ ಮಗುವಿಗೆ ಏನು ಬಂತು, ಎಲ್ಲಿ ತೊಡಕಾಯಿತು ಎಂದು ಗುರುತಿಸಿ, ಮುಂದಿನ ಪಾಠವನ್ನು ಅದಕ್ಕೆ ತಕ್ಕಂತೆ ತಿದ್ದಿಕೊಳ್ಳುವ ಕ್ರಮ. ಇದನ್ನು ಕಲಿಕೆ ಮುಗಿದ ಮೇಲೆ ನಡೆಯುವ ಸಂಕಲನಾತ್ಮಕ ಮೌಲ್ಯಮಾಪನದಿಂದ ಬೇರ್ಪಡಿಸಿ 1967ರಲ್ಲಿ ಹೆಸರಿಸಿದವರು ಮೈಕೆಲ್ ಸ್ಕ್ರಿವೆನ್. ಭಾರತದಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆ ಇದನ್ನು ಒಳಗೊಂಡ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನಕ್ಕೆ ಕಾನೂನಿನ ಬಲ ಕೊಟ್ಟಿತು.

ಕರ್ನಾಟಕದಲ್ಲಿ ರೂಪಣಾತ್ಮಕ ಮೌಲ್ಯಮಾಪನದ ಗಟ್ಟಿ ಮಾದರಿ ಆರಂಭಿಕ ತರಗತಿಗಳ ನಲಿ-ಕಲಿ. ಆಂಧ್ರಪ್ರದೇಶದ ಋಷಿ ವ್ಯಾಲಿ ಶಾಲೆಯ ಪ್ರಯೋಗದಿಂದ ಪ್ರೇರಿತವಾಗಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ಈ ಪದ್ಧತಿಯಲ್ಲಿ ಮಗು ಕಲಿಕಾ ಏಣಿಯನ್ನು ತನ್ನ ವೇಗದಲ್ಲಿ ಏರುತ್ತದೆ. ಶಿಕ್ಷಕರ ಪೂರ್ಣ ನೆರವು ಬೇಕಾದ ಗುಂಪಿನಿಂದ ಸ್ವಕಲಿಕೆಯ ಗುಂಪಿನವರೆಗೆ ಅದು ಸಾಗುತ್ತದೆ. ಮೌಲ್ಯಮಾಪನ ಏಣಿಯ ಮೆಟ್ಟಿಲಲ್ಲೇ ಸೇರಿದೆ, ಪರೀಕ್ಷೆಯ ಭಯವಿಲ್ಲ.

ಮೇಲಿನ ತರಗತಿಗಳಲ್ಲಿ ಜೂನ್‌ನ ಸೇತುಬಂಧ ಈ ಕೆಲಸ ಮಾಡುತ್ತದೆ: ಪೂರ್ವ ಪರೀಕ್ಷೆ, ಪರಿಹಾರ ಬೋಧನೆ, ಕೊನೆಗೆ ಸಾಫಲ್ಯ ಪರೀಕ್ಷೆ. ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರಿನಂಥ ಕಡೆ ಇದರ ಅಗತ್ಯ ಹೆಚ್ಚು. ದುಡಿಮೆಗೆಂದು ಗುಳೆ ಹೋಗುವ ಮನೆಯ ಮಗು ಮರಳಿದಾಗ, ಅದು ತಪ್ಪಿಸಿಕೊಂಡದ್ದು ಯಾವ ಪಾಠ ಎಂದು ಹಾಜರಿ ಪುಸ್ತಕ ಹೇಳದು. ಆದರೆ ಕಂಪ್ಲಿಯ ಭತ್ತದ ಚೀಲಗಳ ಲೆಕ್ಕವನ್ನೇ ಬಾಯಲ್ಲಿ ಕೇಳಿದರೆ, ಭಾಗಾಕಾರ ಬಾರದೋ ಪ್ರಶ್ನೆಯ ಭಾಷೆ ತಿಳಿಯದೋ ಎಂಬುದು ಐದೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಕೋವಿಡ್ ನಂತರ 2022-23ರಲ್ಲಿ ರಾಜ್ಯ ಸರ್ಕಾರ ತಂದ ‘ಕಲಿಕಾ ಚೇತರಿಕೆ’ ಕಾರ್ಯಕ್ರಮವೂ ಇದೇ ದಾರಿಯದು. ವರ್ಷಕ್ಕೆ ನಾಲ್ಕು ರೂಪಣಾತ್ಮಕ ಪರೀಕ್ಷೆಗಳ ಅಂಕ ದಾಖಲಿಸುವ ಪದ್ಧತಿ ಮಾತ್ರ ಹಲವೆಡೆ ಮತ್ತೊಂದು ಕಿರುಪರೀಕ್ಷೆಯಾಗಿ ಉಳಿದಿದೆ.