ಚೈನ್ ಸಾ ಸ್ಟಾರ್ಟ್ ಆಗ್ತಿಲ್ವಾ? ಹಗ್ಗ ಎಳೆದು ಸುಸ್ತಾಗುವ ಮುನ್ನ ಟ್ಯಾಂಕ್‌ನಲ್ಲಿರುವ ಪೆಟ್ರೋಲ್ ನೋಡಿ

ನವದೆಹಲಿ: 2025ರ ಮೇ 2ರ ಮುಂಜಾನೆ ದೆಹಲಿಯಲ್ಲಿ ಬಿರುಗಾಳಿ ಸಹಿತ ಸುರಿದ ಮಳೆಗೆ ನಜಫ್‌ಗಢ ಬಳಿಯ ಹಳ್ಳಿಯೊಂದರಲ್ಲಿ ಮನೆ ಮೇಲೆ ಮರ ಬಿದ್ದು ತಾಯಿ ಮತ್ತು ಮೂವರು ಮಕ್ಕಳು ಮೃತಪಟ್ಟಿದ್ದರು. ರಾಜಧಾನಿಯ ಹಲವೆಡೆ ಮರಗಳು ರಸ್ತೆಗೆ ಉರುಳಿದ್ದವು. ಇಂಥ ಹೊತ್ತಿನಲ್ಲಿ ಎಲ್ಲರೂ ಹುಡುಕುವುದು ಮರ ಕೊಯ್ಯುವ ಯಂತ್ರವನ್ನು, ಅಂದರೆ ಚೈನ್ ಸಾ. ವರ್ಷದಲ್ಲಿ ಹೆಚ್ಚಿನ ದಿನ ಸ್ಟೋರ್ ರೂಮ್‌ನ ಮೂಲೆಯಲ್ಲೇ ಕೂರುವ ಈ ಯಂತ್ರ ಕೈಕೊಡುವುದೂ ಸರಿಯಾಗಿ ಅದೇ ಹೊತ್ತಿಗೆ.

ದೆಹಲಿಯ ಅಪಾರ್ಟ್‌ಮೆಂಟ್ ಸಂಘಗಳ ಸ್ಟೋರ್ ರೂಮ್ ಇರಲಿ, ಮುಂಗಾರಿಗೆ ಮುನ್ನ ಮರಗಸಿ ಮಾಡಿಸುವ ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಿರಲಿ, ದೂರು ಮಾತ್ರ ಒಂದೇ. 'ಸ್ಟಾರ್ಟ್ ಆಯ್ತು, ಎರಡು ಕೊಂಬೆ ಕೊಯ್ಯುವಷ್ಟರಲ್ಲಿ ಪವರ್ ಹೋಯ್ತು, ಈಗ ಎಷ್ಟು ಎಳೆದರೂ ಏಳ್ತಿಲ್ಲ'. ಹಾಗಾದಾಗ ಹೆಚ್ಚಿನವರು ಮಾಡುವ ಮೊದಲ ಕೆಲಸ, ಸ್ಕ್ರೂಡ್ರೈವರ್ ಹಿಡಿದು ಕಾರ್ಬ್ಯುರೇಟರ್ ತಿರುಗಿಸುವುದು. ನಿಜಕ್ಕೂ ಅದು ಕೊನೆಗೆ ಮಾಡಬೇಕಾದ ಕೆಲಸ.

ಮೊದಲ ಪ್ರಶ್ನೆ: ಪೆಟ್ರೋಲ್ ತಂದು ಎಷ್ಟು ದಿನವಾಯ್ತು?

ಸಾಮಾನ್ಯ ಚೈನ್ ಸಾದಲ್ಲಿರುವುದು ಟೂ ಸ್ಟ್ರೋಕ್ ಎಂಜಿನ್. ಬೈಕ್, ಕಾರಿನಂತೆ ಇದರಲ್ಲಿ ಎಂಜಿನ್ ಆಯಿಲ್‌ಗೆ ಬೇರೆ ಜಾಗವಿಲ್ಲ. ಪೆಟ್ರೋಲ್ ಜತೆ ಬೆರೆಸುವ 2ಟಿ ಆಯಿಲ್ ಒಂದೇ ಪಿಸ್ಟನ್‌ಗೆ ರಕ್ಷಣೆ. ಪ್ರಮುಖ ಕಂಪನಿಗಳ ಯಂತ್ರಗಳಿಗೆ ಈಗ 50:1 ಅನುಪಾತ, ಅಂದರೆ ಒಂದು ಲೀಟರ್ ಪೆಟ್ರೋಲ್‌ಗೆ 20 ಎಂ.ಎಲ್. ಆಯಿಲ್ ಸಾಕು. ಕಡಿಮೆ ಬೆಲೆಯ ಹಲವು ಯಂತ್ರಗಳ ಕೈಪಿಡಿಯಲ್ಲಿ 25:1 ಎಂದಿರುತ್ತದೆ, ಅಲ್ಲಿಗೆ 40 ಎಂ.ಎಲ್. ಬೇಕು. ಅಂದಾಜಿನಲ್ಲಿ ಒಂದು ಮುಚ್ಚಳ ಸುರಿಯುವ ಅಭ್ಯಾಸ ಹಲವರಿಗಿದೆ. ಆಯಿಲ್ ಹೆಚ್ಚಾದರೆ ಹೊಗೆ, ಪ್ಲಗ್‌ಗೆ ಕರಿ. ಕಡಿಮೆಯಾದರೆ ಪಿಸ್ಟನ್ ಗೀರು ಬಿದ್ದು ಎಂಜಿನ್ ಜಾಮ್. ಬೈಕ್‌ನ ಫೋರ್ ಸ್ಟ್ರೋಕ್ ಎಂಜಿನ್ ಆಯಿಲ್ ಇದಕ್ಕೆ ಬೇಡವೇ ಬೇಡ.

ಇದರ ಮೇಲೆ ಈಗ ಎಥನಾಲ್ ಸೇರಿಕೊಂಡಿದೆ. ಶೇ.20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲ್‌ಗೆ ಪ್ರಧಾನಿ ಮೋದಿ ಚಾಲನೆ ನೀಡಿದ್ದು ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು. ಶೇ.20ರ ಗುರಿಯನ್ನು 2030ಕ್ಕೆ ತಲುಪುವುದು ಎಂದು ಮೊದಲು ನಿಗದಿಯಾಗಿತ್ತು, ದೇಶ ಅದನ್ನು 2025ರಲ್ಲೇ ಮುಟ್ಟಿತು. ಈ ಬಗ್ಗೆ ಕಾರು, ಬೈಕ್ ಮಾಲೀಕರ ಚರ್ಚೆ ಸಾಕಷ್ಟು ಆಗಿದೆ, ಚೈನ್ ಸಾ ಬಗ್ಗೆ ಮಾತಾಡಿದವರು ಕಡಿಮೆ. ಆದರೆ ಪೆಟ್ಟು ಹೆಚ್ಚು ಬೀಳುವುದು ಇಂಥ ಸಣ್ಣ ಎಂಜಿನ್‌ಗಳಿಗೇ. ಕಾರಿನಲ್ಲಿ ಎಷ್ಟು ಪೆಟ್ರೋಲ್ ಬೇಕೆಂದು ಕಂಪ್ಯೂಟರ್ ತೀರ್ಮಾನಿಸುತ್ತದೆ, ಚೈನ್ ಸಾದ ಹಳೇ ಮಾದರಿ ಕಾರ್ಬ್ಯುರೇಟರ್‌ಗೆ ಆ ಬುದ್ಧಿ ಇಲ್ಲ.

ಎಥನಾಲ್ ಉರಿಯಲು ಪೆಟ್ರೋಲ್‌ಗಿಂತ ಕಡಿಮೆ ಗಾಳಿ ಸಾಕು. ಹೀಗಾಗಿ ಹಿಂದಿನ ಸೆಟ್ಟಿಂಗ್‌ನಲ್ಲೇ ಇ20 ಹಾಕಿದರೆ ಎಂಜಿನ್‌ಗೆ ಗಾಳಿ ಹೆಚ್ಚಾಗಿ, ಇಂಧನ ಸಾಲದು ಎಂಬ ಸ್ಥಿತಿ ಬರುತ್ತದೆ. ಅದೂ ಅಲ್ಲದೆ ಎಥನಾಲ್ ಗಾಳಿಯ ತೇವ ಹೀರುತ್ತದೆ. ತೇವ ಮಿತಿ ಮೀರಿದರೆ ನೀರು ಮತ್ತು ಎಥನಾಲ್ ಪೆಟ್ರೋಲ್‌ನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಟ್ಯಾಂಕ್‌ನ ಫಿಲ್ಟರ್ ಕೂರುವುದೂ ತಳದಲ್ಲೇ. ಹಳೇ ಯಂತ್ರಗಳ ರಬ್ಬರ್ ಪೈಪ್, ಕಾರ್ಬ್ಯುರೇಟರ್‌ನ ತೆಳು ಡಯಾಫ್ರಮ್ ಗಟ್ಟಿಯಾಗುವುದಕ್ಕೂ ಇದು ಕಾರಣವಾಗಬಹುದು.

ಸ್ಟಿಲ್ ಕಂಪನಿಯ ಕೈಪಿಡಿಗಳು ಈ ವಿಷಯದಲ್ಲಿ ಸ್ಪಷ್ಟವಾಗಿವೆ. ಕೈಯಿಂದ ಹೊಂದಿಸುವ ಕಾರ್ಬ್ಯುರೇಟರ್ ಇರುವ ಯಂತ್ರಗಳಿಗೆ ಶೇ.10ಕ್ಕಿಂತ ಹೆಚ್ಚು ಎಥನಾಲ್ ಇರುವ ಇಂಧನ ಬೇಡ. ತಾನೇ ಹೊಂದಿಸಿಕೊಳ್ಳುವ ಎಂ-ಟ್ರಾನಿಕ್ ವ್ಯವಸ್ಥೆ ಇದ್ದರೆ ಶೇ.27ರವರೆಗೂ ಪೂರ್ಣ ಶಕ್ತಿ ಸಿಗುತ್ತದೆ. ವಿದೇಶಗಳಲ್ಲಿ ಎಥನಾಲ್ ಇಲ್ಲದ, ಆಯಿಲ್ ಬೆರೆಸಿಟ್ಟ ಇಂಧನ ಡಬ್ಬಿಯಲ್ಲೇ ಸಿಗುತ್ತದೆ. ಬಂಕ್‌ನ ಪೆಟ್ರೋಲನ್ನೇ ನಂಬಿರುವ ನಮ್ಮವರಿಗೆ ಉಳಿದಿರುವ ದಾರಿ, ಬೇಕಾದಷ್ಟೇ ತಂದು, ಬೆರೆಸಿ, ಒಂದು ತಿಂಗಳೊಳಗೆ ಮುಗಿಸುವುದು. ಕಳೆದ ಮಳೆಗಾಲದಲ್ಲಿ ಬೆರೆಸಿಟ್ಟ ಕ್ಯಾನ್ ಇದ್ದರೆ ಅದನ್ನು ಯಂತ್ರಕ್ಕೆ ಹಾಕಬೇಡಿ. ಹಳೇ ಪೆಟ್ರೋಲ್ ತೆಗೆದು ಹೊಸದು ಹಾಕಿದರೆ ಎಷ್ಟೋ ಚೈನ್ ಸಾಗಳು ಮೆಕ್ಯಾನಿಕ್ ಮುಖ ನೋಡದೆಯೇ ಏಳುತ್ತವೆ.

ಪ್ಲಗ್ ಬಿಚ್ಚಿದರೆ ಅರ್ಧ ಕಥೆ ಗೊತ್ತಾಗುತ್ತದೆ

ಹೊಸ ಪೆಟ್ರೋಲ್ ಹಾಕಿದರೂ ಏಳದಿದ್ದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ. ತುದಿ ಪೂರ್ತಿ ಒದ್ದೆಯಾಗಿದ್ದರೆ ಎಂಜಿನ್‌ಗೆ ಪೆಟ್ರೋಲ್ ಹೆಚ್ಚಾಗಿ ನುಗ್ಗಿದೆ ಎಂದರ್ಥ. ಚೋಕ್ ಎಳೆದಿಟ್ಟು ಹತ್ತಾರು ಬಾರಿ ಹಗ್ಗ ಎಳೆದವರಿಗೆಲ್ಲ ಇದೇ ಗತಿ. ತಣ್ಣಗಿರುವ ಯಂತ್ರ ಚೋಕ್‌ನಲ್ಲಿ ಒಮ್ಮೆ 'ಟಪ್' ಎಂದು ಸದ್ದು ಮಾಡಿ ನಿಲ್ಲುತ್ತದಲ್ಲ, ಆ ಸದ್ದು ಕೇಳಿದ ತಕ್ಷಣ ಚೋಕ್ ತೆಗೆದು ಸ್ಟಾರ್ಟ್ ಸ್ಥಾನಕ್ಕೆ ತರಬೇಕು. ಅದನ್ನು ಗಮನಿಸದೆ ಎಳೆಯುತ್ತಾ ಹೋದರೆ ಪ್ಲಗ್ ನೆನೆಯುತ್ತದೆ. ಹಾಗಾಗಿದ್ದರೆ ಸ್ವಿಚ್ ಆಫ್ ಮಾಡಿ, ಪ್ಲಗ್‌ನ ವೈರ್ ದೂರ ಸರಿಸಿ, ಪ್ಲಗ್ ಇಲ್ಲದೆಯೇ ಹಗ್ಗವನ್ನು ಐದಾರು ಬಾರಿ ಎಳೆಯಿರಿ. ಒಳಗಿನ ಪೆಟ್ರೋಲ್ ಹೊರಗೆ ಚಿಮ್ಮುತ್ತದೆ, ಹತ್ತಿರದಲ್ಲಿ ಬೀಡಿ, ಸಿಗರೇಟ್ ಇರಕೂಡದು. ಪ್ಲಗ್ ಒರೆಸಿ ಹಾಕಿ ಚೋಕ್ ಇಲ್ಲದೆ ಸ್ಟಾರ್ಟ್ ಮಾಡಿ.

ಪ್ಲಗ್ ಒಣಗಿದ್ದರೆ ಪೆಟ್ರೋಲ್ ಮೇಲಕ್ಕೆ ಬರುತ್ತಿಲ್ಲ. ಟ್ಯಾಂಕ್ ಒಳಗಿನ ಫಿಲ್ಟರ್ ಕಟ್ಟಿದೆಯೇ, ಪೈಪ್ ಸೀಳಿದೆಯೇ ನೋಡಿ. ಕರಿ ಹಿಡಿದಿದ್ದರೆ ಉಜ್ಜಿ ಸಮಯ ಕಳೆಯುವುದಕ್ಕಿಂತ ಹೊಸ ಪ್ಲಗ್ ಹಾಕುವುದು ವಾಸಿ. ಅದರ ತುದಿಯ ಅಂತರ ಹೆಚ್ಚಿನ ಯಂತ್ರಗಳಲ್ಲಿ 0.5 ಮಿ.ಮೀ. ಇರಬೇಕು. ತೋಟಕ್ಕೆ ಹೋಗುವಾಗ ಒಂದು ಹೆಚ್ಚುವರಿ ಪ್ಲಗ್ ಜೇಬಿನಲ್ಲಿದ್ದರೆ ಅರ್ಧ ದಿನದ ಕೂಲಿ ಉಳಿಯುತ್ತದೆ.

ಪವರ್ ಹೋಗುವುದು ಯಾವಾಗ?

ಯಂತ್ರ ಎದ್ದು, ಆಮೇಲೆ ಸೋಲುತ್ತಿದ್ದರೆ ಯಾವಾಗ ಸೋಲುತ್ತದೆ ಎಂಬುದೇ ಸುಳಿವು. ಹತ್ತು ನಿಮಿಷ ಚೆನ್ನಾಗಿ ಓಡಿ ನಿಧಾನಕ್ಕೆ ಸೋತು ನಿಂತರೆ ಟ್ಯಾಂಕ್ ಮುಚ್ಚಳ ಸ್ವಲ್ಪ ಸಡಿಲಿಸಿ. 'ಸುಯ್' ಎಂದು ಗಾಳಿ ಒಳಗೆಳೆದು, ಮತ್ತೆ ಬಿಗಿ ಮಾಡಿದಾಗ ಸ್ಟಾರ್ಟ್ ಆದರೆ ಟ್ಯಾಂಕ್‌ಗೆ ಗಾಳಿ ಬಿಡುವ ಸಣ್ಣ ರಂಧ್ರ ಕಟ್ಟಿದೆ. ಬಿಸಿಯಾದ ಮೇಲೆ ನಿಂತು, ಅರ್ಧ ಗಂಟೆ ಬಿಟ್ಟರೆ ತಾನಾಗಿ ಏಳುವ ಯಂತ್ರದಲ್ಲಿ ಇಗ್ನಿಷನ್ ಕಾಯಿಲ್ ಮೇಲೆ ಅನುಮಾನ ಪಡಬೇಕು. ಆದರೆ 45 ಡಿಗ್ರಿ ಮುಟ್ಟುವ ದೆಹಲಿಯ ಬೇಸಿಗೆಯಲ್ಲಿ ಅದಕ್ಕೂ ಮೊದಲು ಇನ್ನೊಂದನ್ನು ಯೋಚಿಸಿ. ಬಿಸಿ ಎಂಜಿನ್ ಪಕ್ಕ ಪೆಟ್ರೋಲ್ ಆವಿಯಾಗಿ ಕಾರ್ಬ್ಯುರೇಟರ್‌ಗೆ ಸರಿಯಾಗಿ ತಲುಪುವುದಿಲ್ಲ. ಯಂತ್ರವನ್ನು ನೆರಳಿನಲ್ಲಿಟ್ಟು, ಆರಿದ ಮೇಲೆ ಚೋಕ್ ಇಲ್ಲದೆ ಪ್ರಯತ್ನಿಸುವುದಷ್ಟೇ ಇದಕ್ಕೆ ಮದ್ದು.

ರಾಜಧಾನಿಯ ಇನ್ನೊಂದು ಶತ್ರು ಧೂಳು. ಏರ್ ಫಿಲ್ಟರ್ ಕಟ್ಟಿದರೆ ಎಂಜಿನ್ ಉಸಿರುಗಟ್ಟಿ, ಹೊಗೆ ಉಗುಳುತ್ತಾ ಮಂದವಾಗುತ್ತದೆ. ಫಿಲ್ಟರ್ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಅದಿಲ್ಲದೆ ಓಡಿಸಿದರೆ ಧೂಳು ನೇರ ಪಿಸ್ಟನ್‌ಗೆ ಹೋಗುತ್ತದೆ. ಮಲೆನಾಡಿನಲ್ಲಿ ಧೂಳಿಗಿಂತ ತೇವದ ಕಾಟ ಹೆಚ್ಚು, ಫಿಲ್ಟರ್‌ಗೆ ಹಸಿ ಮರದ ಹುಡಿ ಮೆತ್ತಿಕೊಳ್ಳುತ್ತದೆ. ಫಿಲ್ಟರ್ ಶುಭ್ರವಾಗಿದ್ದೂ ಮೇಲಿನ ವೇಗ ಸಿಗದಿದ್ದರೆ ಸೈಲೆನ್ಸರ್ ಒಳಗಿನ ಸಣ್ಣ ಜಾಲರಿಗೆ ಮಸಿ ಕಟ್ಟಿರಬಹುದು. ಅನೇಕರಿಗೆ ಅಲ್ಲೊಂದು ಜಾಲರಿ ಇದೆ ಎಂಬುದೇ ಗೊತ್ತಿರುವುದಿಲ್ಲ.

ಎಲ್ಲಕ್ಕಿಂತ ಅಪಾಯಕಾರಿ ಲಕ್ಷಣ ಬೇರೆಯೇ ಇದೆ. ಯಂತ್ರ ಎಂದಿಗಿಂತ ಕೀರಲು ದನಿಯಲ್ಲಿ ಚೀರುತ್ತದೆ, ಆದರೆ ಮರಕ್ಕೆ ಇಟ್ಟ ಕೂಡಲೇ ಸೋಲುತ್ತದೆ. ಇಂಧನ ಸಾಲದೆ, ಅದರೊಂದಿಗೆ ಬರುವ ಆಯಿಲ್ ಕೂಡ ಸಾಲದೆ ಎಂಜಿನ್ ಕಾಯುತ್ತಿರುವಾಗ ಹೀಗಾಗುತ್ತದೆ. 'ಇದೊಂದು ಮರ ಮುಗಿಸಿಬಿಡೋಣ' ಎಂದು ಮುಂದುವರಿಸಿದವರ ಪಿಸ್ಟನ್, ಸಿಲಿಂಡರ್ ಎರಡೂ ಹೋಗುತ್ತವೆ. ತಕ್ಷಣ ಆಫ್ ಮಾಡಿ. ಆರಿದ ಮೇಲೆ ಬ್ಲೇಡ್‌ಗೆ ಕವರ್ ಹಾಕಿ, ಹಗ್ಗದ ಹಿಡಿಯನ್ನು ಹಿಡಿದು ಯಂತ್ರವನ್ನು ನಿಧಾನಕ್ಕೆ ತೂಗಿಬಿಡಿ. ತಡೆತಡೆದು ಇಳಿದರೆ ಕಂಪ್ರೆಷನ್ ಉಳಿದಿದೆ. ಸರ್ರನೆ ಜಾರಿದರೆ ಪೆಟ್ಟಾಗಿದೆ. ಸೈಲೆನ್ಸರ್ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದಾಗ ಪಿಸ್ಟನ್ ಮೇಲೆ ಉದ್ದುದ್ದ ಗೀರು ಕಂಡರೆ ಹಗ್ಗ ಎಳೆಯುವುದನ್ನು ಅಲ್ಲಿಗೇ ಬಿಡಿ. ರಿಪೇರಿ ಖರ್ಚು ಎಷ್ಟು, ಹೊಸದಕ್ಕೆ ಎಷ್ಟು ಎಂದು ಲೆಕ್ಕ ಹಾಕುವ ಹಂತ ಅದು.

ಎಂಜಿನ್ ಸರಿಯಿದ್ದೂ ಪವರ್ ಇಲ್ಲ ಎನಿಸುವುದಕ್ಕೆ ಮೊಂಡು ಚೈನ್ ಕೂಡ ಕಾರಣ. ಕೊಯ್ದಾಗ ಚಕ್ಕೆಯ ಬದಲು ನುಣ್ಣನೆ ಹುಡಿ ಬೀಳುತ್ತಿದ್ದರೆ ಅರ ಹಿಡಿದು ಹಲ್ಲು ಮಸೆಯಿರಿ. ಚೈನ್ ಆಯಿಲ್ ಟ್ಯಾಂಕ್ ಖಾಲಿಯಾಗಿದ್ದರೂ, ಚೈನ್ ಬ್ರೇಕ್ ಹಾಕಿದ್ದನ್ನು ಮರೆತಿದ್ದರೂ ಇದೇ ಅನುಭವ.

ಇಷ್ಟೆಲ್ಲ ನೋಡಿದ ಮೇಲೂ ಸರಿಹೋಗದಿದ್ದರೆ ಕಾರ್ಬ್ಯುರೇಟರ್. ಅದರ ಎಲ್, ಎಚ್ ಸ್ಕ್ರೂಗಳನ್ನು ಮುಟ್ಟುವ ಮುನ್ನ ಈಗ ಎಲ್ಲಿವೆ ಎಂದು ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಎಚ್ ಸ್ಕ್ರೂವನ್ನು ಬಿಗಿ ಮಾಡಿದಷ್ಟೂ ಇಂಧನ ಕಡಿಮೆಯಾಗಿ ವೇಗ ಏರುತ್ತದೆ. ಅದನ್ನೇ ಪವರ್ ಬಂತೆಂದು ಭಾವಿಸಿದರೆ ಪಿಸ್ಟನ್ ಕಳೆದುಕೊಳ್ಳಬೇಕಾಗುತ್ತದೆ. ವರ್ಷಗಟ್ಟಲೆ ಬಿದ್ದಿದ್ದ ಯಂತ್ರವಾದರೆ ಸ್ಕ್ರೂ ತಿರುಗಿಸಿ ಪ್ರಯೋಜನವಿಲ್ಲ, ಡಯಾಫ್ರಮ್ ಕಿಟ್ ಬದಲಿಸಲು ಮೆಕ್ಯಾನಿಕ್‌ಗೇ ಕೊಡಿ. ಕೆಲಸದ ಸೀಸನ್ ಮುಗಿದಾಗ ಟ್ಯಾಂಕ್ ಖಾಲಿ ಮಾಡಿ, ಕಾರ್ಬ್ಯುರೇಟರ್‌ನಲ್ಲಿ ಉಳಿದದ್ದೂ ಮುಗಿದು ತಾನಾಗಿ ನಿಲ್ಲುವವರೆಗೆ ಓಡಿಸಿಟ್ಟರೆ ಈ ಖರ್ಚು ಬಹುಮಟ್ಟಿಗೆ ತಪ್ಪುತ್ತದೆ.

ಸ್ಟಾರ್ಟ್ ಆಯ್ತು ಎಂದು ಹಾಗೇ ನುಗ್ಗಬೇಡಿ

ಒಂದು ಕೈಯಲ್ಲಿ ಯಂತ್ರ ನೇತಾಡಿಸಿ ಇನ್ನೊಂದು ಕೈಯಲ್ಲಿ ಹಗ್ಗ ಎಳೆಯುವ ಶೋಕಿ ಬೇಡ. ನೆಲದ ಮೇಲಿಟ್ಟು, ಚೈನ್ ಬ್ರೇಕ್ ಹಾಕಿ, ಹಿಂದಿನ ಹಿಡಿಕೆಯನ್ನು ಬಲಗಾಲಿನಿಂದ ಒತ್ತಿ ಹಿಡಿದು ಎಳೆಯಿರಿ. ಬಿದ್ದ ಮರದೊಳಗೆ ವಿದ್ಯುತ್ ತಂತಿ ಸಿಕ್ಕಿಕೊಂಡಿದ್ದರೆ ಲೈನ್‌ಮನ್ ಬಂದು ಲೈನ್ ಆಫ್ ಆಗಿದೆ ಎಂದು ಹೇಳುವವರೆಗೆ ಹತ್ತಿರ ಹೋಗಕೂಡದು.

ನಿಂತಿರುವ ಮರವಾದರೆ ಕಾನೂನೂ ಅಡ್ಡ ಬರುತ್ತದೆ. ಕರ್ನಾಟಕದಲ್ಲಿ 1976ರ ಮರ ಸಂರಕ್ಷಣಾ ಕಾಯ್ದೆ ಇದ್ದರೆ, ದೆಹಲಿಯಲ್ಲಿ 1994ರ ಕಾಯ್ದೆಯಿದ್ದು, ಅದರ ಪ್ರಕಾರ ಸ್ವಂತ ಜಾಗದಲ್ಲಿರುವ ಮರ ಕಡಿಯಲೂ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಜೀವ, ಆಸ್ತಿ ಅಥವಾ ಸಂಚಾರಕ್ಕೆ ತಕ್ಷಣದ ಅಪಾಯವಿದ್ದರೆ ಜಾಗದ ಮಾಲೀಕರು ಮೊದಲೇ ಕಡಿಯಬಹುದು, ಆದರೆ 24 ಗಂಟೆಯೊಳಗೆ ಅಧಿಕಾರಿಗೆ ವರದಿ ಮಾಡಬೇಕು. ನೋಯ್ಡಾ, ಗುರುಗ್ರಾಮಗಳು ದೆಹಲಿಗೆ ಅಂಟಿಕೊಂಡಿದ್ದರೂ ಅಲ್ಲಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ, ಕ್ರಮವಾಗಿ ಉತ್ತರ ಪ್ರದೇಶ ಮತ್ತು ಹರಿಯಾಣದ ನಿಯಮಗಳನ್ನು ಪಾಲಿಸಬೇಕು.