ಗಂಧದೆಣ್ಣೆ ನುಂಗುತ್ತಿದ್ದ ಕಾಲ

ಬನಹಟ್ಟಿಯಲ್ಲಿ ನಮ್ಮವ್ವ ಮೈಸೂರ್ ಸ್ಯಾಂಡಲ್ ಸೋಪಿನ ಖಾಲಿ ಡಬ್ಬಿ ಎಸೀತಿರಲಿಲ್ಲ. ಟ್ರಂಕಿನಲ್ಲಿ ಸೀರೆಗಳ ನಡುವೆ ಇಡ್ತಿದ್ದಳು. ನನಗೆ ಗಂಧ ಅಂದರೆ ಆ ಟ್ರಂಕಿನ ವಾಸನೆ. ಮೊನ್ನೆ ಆಫೀಸಿನಲ್ಲಿ ಗೆಳೆಯನೊಬ್ಬ ನೀರಿನ ಲೋಟಕ್ಕೆ ಗಂಧದೆಣ್ಣೆ ಎರಡು ಹನಿ ಹಾಕಿ, “ನ್ಯಾಚುರಲ್ ಅಲ್ವಾ, ಕುಡಿದ್ರೆ ಏನಾಗುತ್ತೆ?” ಅಂದ.

ಏನಾಗುತ್ತೆ ಅಂತ ನೂರು ವರ್ಷದ ಹಿಂದೆಯೇ ಜನ ನೋಡಿಯಾಗಿದೆ. ಮೈಸೂರು ಸಂಸ್ಥಾನದ ಗಂಧದ ಕೊರಡಿಗೆ ಜರ್ಮನಿ ದೊಡ್ಡ ಗಿರಾಕಿ. 1914ರಲ್ಲಿ ಯುದ್ಧ ಶುರುವಾಗಿ ಆ ವ್ಯಾಪಾರ ನಿಂತುಹೋಯಿತು. ಆಗ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ಸಡ್‌ಬರೋ ಮತ್ತು ವಾಟ್ಸನ್ ಎಣ್ಣೆ ಬಟ್ಟಿ ಇಳಿಸುವ ವಿಧಾನ ರೂಪಿಸಿದರು. 1916ರಲ್ಲಿ ನಮ್ಮಲ್ಲೇ ಎಣ್ಣೆ ತಯಾರಾಗತೊಡಗಿತು.

ಆ ಎಣ್ಣೆ ಬರೀ ಅತ್ತರಿಗೆ ಹೋಗುತ್ತಿರಲಿಲ್ಲ. ಅದರ ಬಹುಪಾಲು ಸ್ಯಾಂಟಲಾಲ್ ಎಂಬ ರಾಸಾಯನಿಕ. ಮೂತ್ರನಾಳದ ಸೋಂಕನ್ನು ಅದು ತೊಳೆಯುತ್ತದೆಂದು ನಂಬಿ ಯುರೋಪಿನ ವೈದ್ಯರು ಗೊನೊರಿಯಾ ರೋಗಿಗಳಿಗೆ ಕ್ಯಾಪ್ಸೂಲಿನಲ್ಲಿ ಕೊಡುತ್ತಿದ್ದರು. ಕೆಲವರಿಗೆ ಹೊಟ್ಟೆ ಕೆಟ್ಟಿತು, ಮೂತ್ರಪಿಂಡದಲ್ಲಿ ನೋವು ಬಂತು, ಮೈಮೇಲೆ ದದ್ದು ಎದ್ದವು. ಪೆನ್ಸಿಲಿನ್ ಬಂದಮೇಲೆ ಆ ಕ್ಯಾಪ್ಸೂಲು ಮೂಲೆಗೆ ಬಿತ್ತು.

ಇಷ್ಟನ್ನೂ ಗೆಳೆಯನಿಗೆ ಹೇಳಿದೆ. ಗಿಡದಿಂದ ಬಂದದ್ದಾದರೂ ನುಂಗಿದ ಮೇಲೆ ಅದು ಔಷಧಿನೇ. ಔಷಧಿ ಅಂದಮೇಲೆ ಡಾಕ್ಟರು ಬೇಕು, ಅಳತೆ ಬೇಕು. ಅವನು ಲೋಟದ ನೀರನ್ನು ಸಿಂಕಿಗೆ ಚೆಲ್ಲಿದ. ದಿನವಿಡೀ ಪ್ಯಾಂಟ್ರಿಯಲ್ಲಿ ಅವ್ವನ ಟ್ರಂಕಿನ ವಾಸನೆ.