ಕಾಣದ ಕೊಳ್ಳುಗ, ಕಾಣದ ಮಾರಾಟಗಾರ

ಹಳೆಯ ನಾಣ್ಯ, ಅಂಚೆಚೀಟಿ, ಚಿತ್ರಪಟಗಳನ್ನು ಅಂತರಜಾಲದ ಹರಾಜಿನಲ್ಲಿ ಮಾರುವ ತಂತ್ರಗಳು ನಮ್ಮ ಕಾಲದ ಸೃಷ್ಟಿ ಎಂಬುದು ಸಾಮಾನ್ಯ ಭಾವನೆ. ಆದರೆ ಅವುಗಳ ಬೇರು ಹತ್ತೊಂಬತ್ತನೆಯ ಶತಮಾನದ ಅಂಚೆಚೀಟಿ ವ್ಯಾಪಾರದಲ್ಲಿದೆ.

1870ರಲ್ಲಿ ಜೆ. ಡಬ್ಲ್ಯೂ. ಸ್ಕಾಟ್ ಎಂಬ ವ್ಯಾಪಾರಿ ನ್ಯೂಯಾರ್ಕಿನಲ್ಲಿ ಅಂಚೆಚೀಟಿಗಳನ್ನು ಹರಾಜಿಗಿಟ್ಟ. ಹರಾಜಿನ ಕೋಣೆಗೆ ಬರಲಾಗದ ದೂರದ ಸಂಗ್ರಾಹಕರು ತಾವು ಕೊಡಬಲ್ಲ ಬೆಲೆಯನ್ನು ಕಾಗದದಲ್ಲಿ ಬರೆದು ಕಳಿಸುವ ಪದ್ಧತಿಯೂ ಕ್ರಮೇಣ ಬೆಳೆಯಿತು. ಅದರಲ್ಲೊಂದು ತೊಡಕಿತ್ತು. ತಾನು ಹತ್ತು ಡಾಲರ್ ಬರೆದು, ಎದುರಾಳಿ ಆರಕ್ಕೇ ನಿಂತಿದ್ದರೆ ನಾಲ್ಕು ಡಾಲರ್ ವ್ಯರ್ಥ. ಆ ಅಂಜಿಕೆಯಿಂದ ಜನ ಮನಸ್ಸಿನಲ್ಲಿದ್ದುದಕ್ಕಿಂತ ಕಡಿಮೆ ಬರೆಯುವುದು ಸಹಜ. 1893ರಲ್ಲಿ ಮ್ಯಾಸಚೂಸೆಟ್ಸ್‌ನ ನಾರ್ತಾಂಪ್ಟನ್ನಿನಲ್ಲಿ ಅಂಚೆಚೀಟಿ ವ್ಯಾಪಾರಿಗಳಾದ ವೇನ್‌ರೈಟ್ ಮತ್ತು ಲೂಯಿಸ್ ಬೇರೊಂದು ನಿಯಮದಡಿ ಹರಾಜು ನಡೆಸಿದರು: ವಸ್ತು ಅತಿ ಹೆಚ್ಚು ಬರೆದವನಿಗೆ, ಆದರೆ ತೆರಬೇಕಾದುದು ಎರಡನೆಯವನು ಬರೆದ ಬೆಲೆ. ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ ಈ ನಿಯಮದ ತರ್ಕವನ್ನು ವಿವರಿಸಿದ್ದು 1961ರಲ್ಲಿ. ವರ್ತಕರು ವಿದ್ವಾಂಸರಿಗಿಂತ ಏಳು ದಶಕ ಮುಂದಿದ್ದರು.

ಆದರೂ ಒಂದು ಬಿರುಕು ಉಳಿದೇ ಇತ್ತು. ಎರಡನೆಯ ಬೆಲೆ ಎಷ್ಟೆಂದು ತಿಳಿದಿರುವವನು ಮಾರುವವನೊಬ್ಬನೇ. ಇಲ್ಲದ ಎರಡನೆಯವನನ್ನು ಅವನು ಹುಟ್ಟಿಸಿಬಿಟ್ಟರೆ?

1995ರಲ್ಲಿ ಪಿಯರ್ ಒಮಿಡ್ಯಾರ್ ಕ್ಯಾಲಿಫೋರ್ನಿಯಾದಲ್ಲಿ ಆರಂಭಿಸಿದ, ಮುಂದೆ ಇಬೇ ಎಂದು ಹೆಸರಾದ ಜಾಲತಾಣವು ಹಳೆಯ ನಿಯಮವನ್ನೇ ಹೋಲುವ ಕ್ರಮವನ್ನು ಯಂತ್ರಕ್ಕೆ ಒಪ್ಪಿಸಿತು. ಕೊಳ್ಳುವವನು ಗರಿಷ್ಠ ಬೆಲೆಯನ್ನು ಗುಟ್ಟಾಗಿ ತಿಳಿಸಿದರೆ, ಯಂತ್ರ ಅವನ ಪರವಾಗಿ ಎದುರಾಳಿಯನ್ನು ಮೀರಿಸುವಷ್ಟು ಮಾತ್ರ ಕೂಗುತ್ತಿತ್ತು. ಅಲ್ಲಿ ಮಾರಾಟವಾದ ಮೊದಲ ವಸ್ತು ಕೆಟ್ಟುಹೋದ ಲೇಸರ್ ಪಾಯಿಂಟರ್, ಬೆಲೆ 14.83 ಡಾಲರ್. ಕೆಟ್ಟಿದೆ ಎಂಬುದನ್ನು ಮುಚ್ಚಿಡದೆಯೇ ಅದು ಮಾರಾಟವಾಯಿತು. 1996ರಲ್ಲಿ ಕೊಂಡವರೂ ಮಾರಿದವರೂ ಪರಸ್ಪರರ ನಡತೆಯ ಬಗ್ಗೆ ಅಭಿಪ್ರಾಯ ಬರೆಯುವ ವ್ಯವಸ್ಥೆ ಬಂದಿತು.

ಯಂತ್ರ ಬಂದರೂ ಆ ಬಿರುಕು ಮುಚ್ಚಲಿಲ್ಲ. 2000ದ ಮೇ ತಿಂಗಳಲ್ಲಿ ಸ್ಯಾಕ್ರಮೆಂಟೊದ ವಕೀಲನೊಬ್ಬ ಒಂದು ಅಮೂರ್ತ ಚಿತ್ರವನ್ನು ಹರಾಜಿಗಿಟ್ಟ. ಅದರ ಬೆಲೆಯನ್ನೇ ಅರಿಯದ ಮುಗ್ಧನಂತೆ ವಿವರಣೆ ಬರೆದ. ಚಿತ್ರದ ಮೇಲಿದ್ದ ಎರಡು ಅಕ್ಷರಗಳನ್ನು ಕಂಡ ಸಂಗ್ರಾಹಕರು ಅದು ರಿಚರ್ಡ್ ಡೀಬೆನ್‌ಕಾರ್ನ್‌ನ ಕೃತಿಯೆಂದು ಊಹಿಸಿದರು. 25 ಸೆಂಟಿನಿಂದ ಹೊರಟ ಕೂಗು 1,35,805 ಡಾಲರ್ ಮುಟ್ಟಿತು. ಮಾರಾಟಗಾರನೇ ಬೇರೆ ಹೆಸರಿನಲ್ಲಿ ಕೂಗಿದ್ದುದು ಬಯಲಾದಾಗ ಇಬೇ ಮಾರಾಟವನ್ನು ರದ್ದುಪಡಿಸಿತು. ಮುಂದಿನ ವರ್ಷ ಅವನು ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ. ಇಲ್ಲದ ಎರಡನೆಯವನು ಕೊನೆಗೂ ಹುಟ್ಟಿಬಂದಿದ್ದ.

ಇದಕ್ಕೆ ವಿರುದ್ಧವಾದ ಸಾಕ್ಷ್ಯ 2006ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿದೆ. ಪಾಲ್ ರೆಸ್ನಿಕ್ ಮತ್ತು ಸಂಗಡಿಗರ ಆ ಅಧ್ಯಯನದಲ್ಲಿ, ಹಳೆಯ ಚಿತ್ರಕಾರ್ಡುಗಳ ನುರಿತ ಮಾರಾಟಗಾರನೊಬ್ಬ ಒಂದೇ ಬಗೆಯ ಸರಕನ್ನು ಅರ್ಧ ತನ್ನ ಹೆಸರಾಂತ ಖಾತೆಯಲ್ಲೂ, ಅರ್ಧ ಹೊಸ ಖಾತೆಗಳಲ್ಲೂ ಮಾರಿದ. ಹಳೆಯ ಹೆಸರಿಗೆ ಕೊಳ್ಳುಗರು ಸುಮಾರು 8.1 ಶೇಕಡಾ ಹೆಚ್ಚು ತೆರಲು ಸಿದ್ಧರಿದ್ದರು. ಕಾರ್ಡು ಅದೇ, ಬರೆದ ಕೈಯೂ ಅದೇ. ವ್ಯತ್ಯಾಸವಿದ್ದುದು ಗಳಿಸಿದ ನಂಬಿಕೆಯಲ್ಲಿ.

ಆರಂಭದ ಬೆಲೆಯನ್ನು ಕಡಿಮೆ ಇಡಬೇಕೆ, ಹರಾಜು ಯಾವ ಹೊತ್ತಿಗೆ ಮುಗಿಯಬೇಕು ಎಂಬ ಪ್ರಶ್ನೆಗಳು ಮುಖ್ಯವೇ. ಆದರೆ ಸರಕಿನ ದೋಷವನ್ನೂ ಅದು ಬಂದ ದಾರಿಯನ್ನೂ ಮುಚ್ಚಿಟ್ಟವನಿಗೆ ಅವು ಬಹುಕಾಲ ಒದಗಲಾರವು. ಅಜ್ಜನ ಪೆಟ್ಟಿಗೆಯಿಂದ ಮೈಸೂರು ನಾಣ್ಯಗಳನ್ನು ತೆಗೆದು ಪುಣೆಯಲ್ಲೋ ದೆಹಲಿಯಲ್ಲೋ ಕುಳಿತು ಮಾರಹೊರಟ ನಮ್ಮವರಿಗೆ ಇನ್ನೊಂದು ಹೊಣೆಯೂ ಇದೆ. ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯಿದೆಯ ವ್ಯಾಪ್ತಿಗೆ ಬರುತ್ತದೆ: ಅಂಥವುಗಳ ಮಾರಾಟವನ್ನೇ ವ್ಯಾಪಾರವಾಗಿ ನಡೆಸಲು ಪರವಾನಗಿ ಬೇಕು, ಖಾಸಗಿಯವರು ಅವನ್ನು ವಿದೇಶಕ್ಕೆ ಕಳುಹಿಸುವಂತಿಲ್ಲ. ಅತಿ ಹೆಚ್ಚು ಕೂಗಿದವನು ಸಮುದ್ರದಾಚೆ ಇದ್ದರೆ, ಆ ಬೆಲೆಯನ್ನು ಬಿಟ್ಟುಕೊಡುವುದೇ ದಾರಿ.